ಬಲಗಡೆ ಕೂಡ್ರಿ ಅನ್ನುತ್ತಿದ್ದ ಅಕ್ಕೋರು

ಅಕ್ಕೋರು ನಮ್ಮ ಮಾತು ಕೇಳುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಬಲ ಅಂಗೈಯನ್ನು ಬಲಗಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿಬಿಡುತ್ತಿದ್ದರು. ಕಣ್ಣು ಎಲ್ಲೋ ಗೋಡೆಯ ಮೇಲೆ, ಕಿವಿ ಮಾತ್ರ ನಮ್ಮ ಬಾಯಿಯ ಹತ್ತಿರ. ಆ ಕಿವಿಯ ಕೆಂಪು ಹರಳಿನ ಬೆಂಡೋಲೆ ಬೆರಳಿಗೆ ತಾಗಿ ಅಲ್ಲಾಡುತ್ತಿತ್ತು. ಹೊಸಬರು ಇವರಿಗೆ ನಮ್ಮ ಮಾತಿನ ಮೇಲೆ ಲಕ್ಷ್ಯವೇ ಇಲ್ಲ ಎಂದುಕೊಂಡು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಆಗ ಅವರು, "ಯಾಕ ನಿಲ್ಲಿಸಿದ್ರಿ? ಎಡಗಿವಿ ಕೇಳಂಗಿಲ್ಲ ನನಗ. ಬಲಗಡೆ ಬಂದು ಕೂಡ್ರಿ, ಹೇಳ್ರಿ" ಎಂದು ಪಕ್ಕದ ಕುರ್ಚಿ ಎಳೆಯುತ್ತಿದ್ದರು.

ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುವುದು ರೂಢಿ. ಇವರು ಪಾಠ ಹೇಳಿದವರಲ್ಲ, ದಾವಣಗೆರೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದವರು. ಆದರೂ ಸುತ್ತಮುತ್ತಲಿನ ಲೈಬ್ರರಿಗಳಲ್ಲಿ ಕೆಲಸ ಮಾಡುವ ನಮಗೆಲ್ಲ ಅವರು ಅಕ್ಕೋರೇ.

ನಾನು ಅವರನ್ನು ಮೊದಲು ನೋಡಿದ್ದು ಗೆದ್ದಲಿನ ದೆಸೆಯಿಂದ. ಸಾರಥಿಯ ಪಂಚಾಯಿತಿ ಗ್ರಂಥಾಲಯಕ್ಕೆ ಆಗಷ್ಟೇ ಸೇರಿದ್ದೆ. ಹೆಸರಿಗೆ ಮೇಲ್ವಿಚಾರಕಿ, ಕಸ ಗುಡಿಸುವುದರಿಂದ ಹಿಡಿದು ಬೀಗ ಹಾಕುವವರೆಗೆ ಎಲ್ಲ ನಾನೊಬ್ಬಳೇ. ಒಂದು ಬೆಳಿಗ್ಗೆ ಬೀರು ತೆಗೆದರೆ ಕೆಳಗಿನ ಸಾಲಿನ ಪುಸ್ತಕಗಳು ಮಣ್ಣಿನ ಹೆಂಟೆಯಂತೆ ಅಂಟಿಕೊಂಡಿದ್ದವು. ಪಂಚಾಯಿತಿ ಆಫೀಸಿನಲ್ಲಿ ಕೇಳಿದೆ. "ಸುಟ್ಟು ಹಾಕಮ್ಮ, ಯಾರು ಓದ್ತಾರೆ" ಅಂದರು. ಮನೆಯಲ್ಲಿ ಹೇಳಿದರೆ ನಕ್ಕರು. ಈ ಕೆಲಸ ಬಿಟ್ಟು ಹರಿಹರದಲ್ಲಿ ಯಾವುದಾದರೂ ಬಟ್ಟೆ ಅಂಗಡಿಗೆ ಸೇರೋಣ ಅನ್ನಿಸಿದ್ದು ಆಗಲೇ. ಆ ವಾರ ಏನೋ ಕೆಲಸಕ್ಕೆ ದಾವಣಗೆರೆಗೆ ಹೋದವಳು, ಓದಿದ ಕಾಲೇಜಲ್ಲವೇ ಎಂಬ ಸಲಿಗೆಯಿಂದ ಅಲ್ಲಿನ ಲೈಬ್ರರಿಗೆ ಹೊಕ್ಕೆ. ನಾನು ಓದುವಾಗ ಈ ಅಕ್ಕೋರು ಇರಲಿಲ್ಲ, ಆಮೇಲೆ ಬೇರೆ ಕಾಲೇಜಿನಿಂದ ಬಂದವರು.

ನನ್ನ ಕಥೆಯನ್ನೆಲ್ಲ ಅವರ ಬಲಗಿವಿಗೆ ಹೇಳಿದೆ. ಅವರು ಉತ್ತರವನ್ನೇ ಕೊಡಲಿಲ್ಲ. ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. ಅವರ ಫೋನ್ ಯಾವಾಗಲೂ ಸ್ಪೀಕರಿನಲ್ಲೇ, ನಮ್ಮನ್ನೆಲ್ಲ ಕರೆಯುವುದು ನಮ್ಮ ನಮ್ಮ ಊರಿನ ಹೆಸರಿನಿಂದಲೇ. "ಬಾತಿಯಾಕಿ, ಹೋದ ವರ್ಷ ನಿನ್ನ ಲೈಬ್ರರಿಯಾಗ ಗೆದ್ದಲು ಹತ್ತಿದ್ವಲ್ಲ, ಏನ್ ಮಾಡಿದ್ದಿ? ಇಲ್ಲಿ ಸಾರಥಿಯಾಕಿ ಅಳಾಕ ಹತ್ಯಾಳ, ಮಾತಾಡು" ಎಂದು ಫೋನ್ ನನ್ನ ಕೈಗಿಟ್ಟು ಎದ್ದು ಹೋದರು. ಓದುವ ಕೋಣೆಯಲ್ಲಿದ್ದ ಹುಡುಗಿಯರೆಲ್ಲ ನನ್ನ ಕಡೆ ತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಲೈಬ್ರರಿಯಲ್ಲಿ ಕೂತವರಿಗೆ ಗೆದ್ದಲಿನ ಔಷಧಿ ಗೊತ್ತಿಲ್ಲವೇ?

ಗೊತ್ತಿತ್ತು. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಮುಂದಿನ ರಜೆಯ ದಿನ ಬಾತಿಯಾಕೆ ಸ್ಕೂಟಿ ಹತ್ತಿ ಸಾರಥಿಗೆ ಬಂದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಗಟ್ಟಿ ದನಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿದಳು. ಇಬ್ಬರೂ ಸೇರಿ ಬೀರುವನ್ನು ಗೋಡೆಯಿಂದ ದೂರ ಸರಿಸಿದೆವು, ಮಣ್ಣು ಕೆರೆದೆವು, ಗೋಡೆಯ ಬಿರುಕಿಗೆ ಔಷಧಿ ಬಿಟ್ಟೆವು, ಉಳಿದ ಪುಸ್ತಕಗಳನ್ನು ನೆರಳಿನಲ್ಲಿ ಹರಡಿದೆವು. ಮಧ್ಯಾಹ್ನ ನಮ್ಮ ಮನೆಯಲ್ಲಿ ರೊಟ್ಟಿ ಉಂಡು, ಹೋಗುವಾಗ ಹೇಳಿದಳು: "ನಾನೂ ಹಿಂಗೇ ಅಕ್ಕೋರ ಹತ್ರ ಹೋಗಿದ್ದೆ. ನನಗ ಕುಕ್ಕುವಾಡದ ಲೈಬ್ರರಿ ಅಣ್ಣನ್ನ ಗಂಟು ಹಾಕಿದ್ರು."

ನಮ್ಮದೇನು ದೊಡ್ಡ ಸಂಘವಲ್ಲ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಫೋನಿನಲ್ಲೊಂದು ಗುಂಪು, ತಿಂಗಳಿಗೊಮ್ಮೆ ಹರಿಹರದ ಗುಡಿಯ ಕಂಬದ ಮಂಟಪದಲ್ಲಿ ಕೂಟ. ಹೆಚ್ಚಿನವರು ಹಳ್ಳಿ ಲೈಬ್ರರಿಯವರು, ಜೊತೆಗೆ ಒಂದಿಬ್ಬರು ಕಾಲೇಜಿನವರು. ಅಕ್ಕೋರು ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಎಡಸಾಲಿನ ಕಿಟಕಿಯ ಸೀಟೇ ಆಗಬೇಕು, ಪಕ್ಕದವರು ಬಲಗಡೆ ಬರುವಂತೆ. ಕೈಯಲ್ಲಿ ಮಂಡಕ್ಕಿ, ಮಿರ್ಚಿಯ ಪೊಟ್ಟಣ. ಅದನ್ನು ನಡುವೆ ಹರಡಿಕೊಂಡು ನಮ್ಮ ಮಾತು. ಒಬ್ಬರಿಗೆ ಪೊಲೀಸ್ ಪರೀಕ್ಷೆಯ ಪುಸ್ತಕ ಬೇಕು, ಇನ್ನೊಬ್ಬರ ಬೀರುವಿನಲ್ಲಿ ಅದೇ ಪುಸ್ತಕ ಎರಡೆರಡು. ಒಬ್ಬಳ ಕಂಪ್ಯೂಟರ್ ಬಂದಾಗಿನಿಂದ ಡಬ್ಬದಲ್ಲೇ ಇದೆ, ಬಿಚ್ಚಲು ಹೆದರಿಕೆ. ಯಾರದೋ ಲೈಬ್ರರಿಯಲ್ಲಿ ಇಸ್ಪೀಟು ಆಡುವವರು ಬಂದು ಕೂತಿದ್ದಾರೆ, ಹೆಂಗೆ ಎಬ್ಬಿಸುವುದು? ಅಕ್ಕೋರು ಮುಖ ತಿರುಗಿಸಿಕೊಂಡು ಎಲ್ಲ ಕೇಳುವರು. ಕೊನೆಗೆ, "ಇದು ಆಕಿಗೆ ಗೊತ್ತೈತೆ, ಆಕಿನ ಕೇಳು" ಅನ್ನುವರು. ಅಷ್ಟೇ. ನನಗೋ ಆ ಉತ್ತರ ಕೇಳಿ ಕೇಳಿ ಸಾಕಾಗಿತ್ತು. ಇವರದೇನು ಪೋಸ್ಟಾಫೀಸೇ ಎಂದು ಬಾತಿಯಾಕೆಯ ಹತ್ತಿರ ಆಡಿಕೊಂಡದ್ದೂ ಉಂಟು.

ಅಕ್ಕೋರು ನಿವೃತ್ತರಾದ ಮರುವರ್ಷ ಬಾತಿಯಾಕೆ ಹೈವೇಯಲ್ಲಿ ಸ್ಕೂಟಿಯಿಂದ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಕಾಲು ಊರುವಂತಿಲ್ಲ ಎಂದರು. ಲೈಬ್ರರಿಗೆ ಬೀಗ ಬಿತ್ತು. ನಾವು ನೋಡಲು ಹೋದಾಗ ಅವಳು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆ ಗಟ್ಟಿ ದನಿಯೇ ಇರಲಿಲ್ಲ.

"ಬಾಗಿಲು ಮುಚ್ಚೇ ಐತೆ, ಬ್ಯಾರೆಯೋರನ್ನ ಹಾಕ್ರಿ ಅಂತ ಒಂದಿಬ್ರು ಮಾತಾಡಾಕ ಹತ್ಯಾರ" ಅಂದಳು. "ನನ್ನ ಜಾಗ ಹೋತು ಬಿಡು."

ಗಂಡ ತೀರಿಕೊಂಡ ಮೇಲೆ ಮಗಳ ಓದು, ಮನೆ ಎಲ್ಲ ನಡೆಯುತ್ತಿದ್ದದ್ದು ಆ ಕೆಲಸದಿಂದ. ಆ ತಿಂಗಳ ಕೂಟದಲ್ಲಿ ಯಾರೂ ಮಂಡಕ್ಕಿ ಮುಟ್ಟಲಿಲ್ಲ. ಅಕ್ಕೋರು, "ಆಕಿ ಬರೋ ತನಕ ನಾವು ಬಾಗಿಲು ತೆಗೆಯೋಣು" ಅಂದರು.

ಕುಕ್ಕುವಾಡದ ಅಣ್ಣ ತಕ್ಷಣ ಎದ್ದ. ನಮ್ಮೊಳಗೆ ಕಾಯಿದೆ, ಕಾನೂನು ತಿಳಿದವನು ಅವನೇ, ಮಾತು ಸ್ವಲ್ಪ ಒರಟು. "ಅದು ಹೆಂಗಾಗ್ತೈತ್ರಿ ಅಕ್ಕೋರೇ? ಇನ್ನೊಬ್ರ ಲೈಬ್ರರಿ ತೆಗೆಯಾಕ ನಮಗೇನು ಆರ್ಡರ್ ಐತಾ? ಒಂದು ಪುಸ್ತಕ ಹೋದ್ರೆ ಜವಾಬ್ದಾರಿ ಯಾರದು? ನಾಳೆ ನಮ್ಮ ಕೆಲಸಕ್ಕೇ ಕುತ್ತು ಬಂದ್ರೆ?"

ಅವನು ಹೇಳಿದ್ದು ತಪ್ಪಲ್ಲ. ಬಹಳ ಮಂದಿ ತಲೆಯಾಡಿಸಿದರು. ನಾನೂ ಒಳಗೊಳಗೆ ಹೆದರಿದ್ದೆ. ಅಕ್ಕೋರು ಅವನ ಮಾತು ಮುಗಿಯುವವರೆಗೆ ಕೈಯನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ, "ಸರಿಯಾಗಿ ಹೇಳಿದಿ. ಇದನ್ನೇ ಪಂಚಾಯ್ತಿ ಪಿಡಿಒ ಮುಂದೂ ಹೇಳಬೇಕು. ನಾಳೆ ನನ್ನ ಸಂಗ್ತಿ ನೀನೇ ಬಾ" ಅಂದರು.

ಮರುದಿನ ಅವರಿಬ್ಬರ ಜೊತೆ ನಾನೂ ಬಾತಿಯ ಪಂಚಾಯಿತಿಗೆ ಹೋದೆ. ಪಿಡಿಒ ಕೆಟ್ಟವರಲ್ಲ, ಆದರೆ ಅವರಿಗೂ ಭಯ. ಕುಕ್ಕುವಾಡದ ಅಣ್ಣ ತನ್ನ ಪ್ರಶ್ನೆಗಳನ್ನು ತಾನೇ ಕೇಳಿ, ಕೊನೆಕೊನೆಗೆ ತಾನೇ ದಾರಿಯನ್ನೂ ಹೇಳತೊಡಗಿದ. ಕಾಯಿಲೆಯ ರಜೆಗೆ ಅರ್ಜಿ ಹೀಗಿರಲಿ, ಪಂಚಾಯಿತಿ ಒಪ್ಪಿಗೆ ಹೀಗಿರಲಿ, ಇವರು ಸ್ವಯಂಸೇವಕರು ಎಂದು ಬರೆದುಕೊಳ್ಳಿ.

"ಎಲ್ಲಾ ಸರಿ, ಜವಾಬ್ದಾರಿ ಯಾರ ಮ್ಯಾಲೆ ಹಾಕ್ಲಿ?" ಎಂದು ಪಿಡಿಒ ಕೇಳಿದರು.

"ನನ್ನ ಮ್ಯಾಲೆ ಹಾಕ್ರಿ. ನನ್ನನ್ನ ಇನ್ನ ಯಾರೂ ಕೆಲಸದಿಂದ ತೆಗೆಯಾಕ ಬರಂಗಿಲ್ಲ" ಅಂದರು ಅಕ್ಕೋರು. ಪಿಡಿಒ ನಕ್ಕುಬಿಟ್ಟರು. ಕೀ ನಮ್ಮ ಕೈಗೆ ಬಂತು.

ವಾರದ ದಿನಗಳಲ್ಲಿ ಅಕ್ಕೋರೇ ದಾವಣಗೆರೆಯಿಂದ ಬಂದು ಕೂರುತ್ತಿದ್ದರು. ನಮ್ಮ ನಮ್ಮ ರಜೆಗಳಲ್ಲಿ ನಾವು ಸರದಿಯ ಮೇಲೆ ಹೋಗುತ್ತಿದ್ದೆವು. ಕುಕ್ಕುವಾಡದ ಅಣ್ಣ ಮೊದಲ ದಿನ ಗೊಣಗುತ್ತಲೇ ಬಂದ. ಅಲ್ಲಿ ಪೇಪರ್ ಹಿಡಿದು ಚಿತ್ರ ಮಾತ್ರ ನೋಡುತ್ತಿದ್ದ ಅಜ್ಜಂದಿರನ್ನು ಕಂಡು, ಸುಮ್ಮನಿರಲಾರದೆ ಗಟ್ಟಿಯಾಗಿ ಸುದ್ದಿ ಓದಿದ. ಮುಂದಿನ ಸರದಿಗೆ ಕಟ್ಟೆಯ ಮೇಲೆಲ್ಲ ಜನ. ಅವನು ಓದುವುದು, ಅವರು ವಾದಿಸುವುದು, ನಡುವೆ ಚಹಾ. ಬಾತಿಯ ಲೈಬ್ರರಿ ಅಷ್ಟು ತುಂಬಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಮಗೆಲ್ಲ ಖುಷಿಯೋ ಖುಷಿ, ಗುಂಪಿನಲ್ಲಿ ಫೋಟೋ ಹಾಕಿದೆವು.

ಅಕ್ಕೋರಿಗೆ ಮಾತ್ರ ಆ ಫೋಟೋ ಹಿಡಿಸಲಿಲ್ಲ. "ತೆಗೀರಿ ಅದನ್ನ, ಮೊದ್ಲು ತೆಗೀರಿ" ಎಂದು ಫೋನಿನಲ್ಲಿ ಕೂಗಿದರು. ಅಷ್ಟರಲ್ಲಿ ಬಾತಿಯಾಕೆ ನೋಡಿಬಿಟ್ಟಿದ್ದಳು. ಸಂಜೆ ಅಕ್ಕೋರ ಜೊತೆ ನಾನೂ ಅವಳ ಮನೆಗೆ ಹೋದೆ. ಅವಳು ಹಿಂದೆಂದೂ ಅಷ್ಟು ಅತ್ತಿರಲಿಲ್ಲ. "ನಾನಿಲ್ಲದಿದ್ರೇ ಚೆನ್ನಾಗಿ ನಡೀತೈತೆ ಅಂತ ಊರಿಗೆ ತೋರಿಸಿದ್ರಿ ನೀವು" ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಸಹಾಯಕ್ಕೆಂದು ಹೋದವರು ಹೀಗೂ ನೋಯಿಸಬಹುದೆಂದು ನಮಗೆ ಹೊಳೆದಿರಲೇ ಇಲ್ಲ.

ಅಕ್ಕೋರು ಸಮಾಧಾನ ಹೇಳಲಿಲ್ಲ. ಮಂಚದ ತುದಿಯಲ್ಲಿ ಕೂತು, "ಆ ಅಜ್ಜಂದಿರು ಬೆಳಿಗ್ಗೆ ಬ್ಯಾಡ, ಸಂಜೀಕ ಓದ್ರಿ ಅಂತಾರ. ಆ ಹೊತ್ತಿಗೆ ಶಾಲಿ ಹುಡುಗ್ರು ಬರ್ತಾವ. ಏನ್ ಮಾಡ್ಲಿ ಹೇಳು. ನಿನ್ನ ಲೈಬ್ರರಿ ಅದು" ಅಂದರು. ಬಾತಿಯಾಕೆ ಮೂಗೊರೆಸಿಕೊಂಡು, "ಅಜ್ಜಂದಿರನ್ನ ಹೊರಗ ಕಟ್ಟಿ ಮ್ಯಾಲೆ ಕೂಡ್ರಿಸ್ರಿ, ಒಳಗ ಹುಡುಗ್ರು" ಅಂದಳು. ಅಂದಿನಿಂದ ಅಕ್ಕೋರು ದಿನವೂ ಬಸ್ಸಿಳಿದು ಮೊದಲು ಅವಳ ಮನೆಗೆ ಹೋಗಿ, ಅದು ಎಲ್ಲಿಡಲಿ, ಇದು ಯಾರಿಗೆ ಕೊಡಲಿ ಎಂದು ಕೇಳಿಯೇ ಲೈಬ್ರರಿಯ ಬೀಗ ತೆಗೆಯುತ್ತಿದ್ದರು. ಕೇಳಬೇಕಾದ್ದೇನೂ ಇಲ್ಲದ ದಿನವೂ ಏನಾದರೊಂದು ಹುಡುಕಿಕೊಂಡು ಕೇಳುತ್ತಿದ್ದರು. ಮಂಚದ ಮೇಲಿಂದ ಬಾತಿಯಾಕೆಯ ದನಿ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು. ಬೇಸಿಗೆಯ ಹೊತ್ತಿಗೆ ಅವಳು ಕೋಲೂರಿಕೊಂಡು ಲೈಬ್ರರಿಯ ಮೆಟ್ಟಿಲು ಹತ್ತಿದಳು. ಬೇರೆಯವರನ್ನು ಹಾಕುವ ಮಾತು ಅಷ್ಟರಲ್ಲಿ ತಾನಾಗಿಯೇ ಸತ್ತುಹೋಗಿತ್ತು. ಸಂಜೆಯ ಪೇಪರ್ ಓದು ಈಗಲೂ ಇದೆ, ಓದುವವಳು ಅವಳೇ.

ಅವಳು ಮರಳಿ ಬಂದ ಆ ದಿನ ಅವಳನ್ನು ಲೈಬ್ರರಿಯಲ್ಲಿ ಕೂರಿಸಿ, ಅಕ್ಕೋರೂ ನಾನೂ ಬಸ್ಸಿಗೆ ಕಾಯುತ್ತಿದ್ದೆವು. ಯಾರೂ ಹೇಳದೆ, ಯಾರೂ ಕೇಳದೆ ಈ ವಯಸ್ಸಿನಲ್ಲಿ ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿಬಿಟ್ಟೆ. ಬಲಗಡೆಯೇ ನಿಂತಿದ್ದೆ, ಕೇಳಿಸಿತು.

"ನೌಕರಿ ಸೇರಿದ ಹೊಸದರಾಗ ನನ್ನ ಎಡಗಿವಿ ಹೋತು" ಅಂದರು. "ಯಾರಿಗೂ ಹೇಳಲಿಲ್ಲ. ಹೇಳಿದ್ರ ಕೆಲಸದಿಂದ ತೆಗೀತಾರ ಅಂತ ಭಯ. ಹುಡುಗ್ರು ಒಂದು ಪುಸ್ತಕ ಕೇಳಿದ್ರ ಇನ್ನೊಂದು ಕೊಡ್ತಿದ್ದೆ. ನಗತಿದ್ರು. ಆ ಕಾಲೇಜಿನಾಗ ಲೈಬ್ರರಿಯೋಳು ಅಂತ ನಾನೊಬ್ಬಾಕಿ. ಯಾರ ಹತ್ರ ಹೇಳ್ಲಿ? ಒಂದ್ಸಲ ಟ್ರೈನಿಂಗಿಗೆ ಹೋದಾಗ ಇನ್ನೊಂದು ಊರಿನ ಲೈಬ್ರರಿಯನ್ ಒಬ್ಬಾಕಿ ಸಿಕ್ಕಳು. ಆಕಿ ಮುಂದ ಯಾಕೋ ಎಲ್ಲಾ ಹೇಳಿಬಿಟ್ಟೆ. ಆಕಿ ಕೇಳಿದ್ದು ಒಂದೇ: ನಿನ್ನ ಮೇಜು ಯಾವ ಕಡೆ ಮುಖ ಮಾಡೈತೆ? ಬಾಗಿಲು ಎಡಕ್ಕೈತೆ ಅಂದೆ. ತಿರುಗಿಸು, ಹುಡುಗ್ರು ಬಲಗಡೆಯಿಂದ ಬರಂಗ ಮಾಡು ಅಂದ್ಲು."

ಬಸ್ಸು ಬರುವ ದಾರಿ ನೋಡುತ್ತ, "ಡಾಕ್ಟ್ರು ಹೇಳಲಿಲ್ಲ, ಮನಿಯಾಗೂ ಯಾರೂ ಹೇಳಲಿಲ್ಲ. ಅದೇ ಕೆಲಸ ಮಾಡೋಳು ಹೇಳಿದ್ಲು. ಮೇಜು ತಿರುಗಿಸಿದೆ. ಅಷ್ಟು ವರ್ಷ ನೌಕರಿ ಮಾಡಿದೆ" ಅಂದರು.

"ಮತ್ತ ನಮಗ್ಯಾಕ ನೀವೇ ಉತ್ತರ ಹೇಳಂಗಿಲ್ಲ? ಗೆದ್ದಲಿಂದು ನಿಮಗ ಗೊತ್ತಿತ್ತಲ್ಲ?" ಅಂದೆ.

ನಕ್ಕರು. "ನಾನು ಹೇಳಿದ್ದಿದ್ರ ನಿನ್ನ ಗೆದ್ದಲು ಹೋಗ್ತಿದ್ವು. ಬಾತಿಯಾಕಿ ಸಿಕ್ತಿರಲಿಲ್ಲ."

ಬಸ್ಸು ಬಂತು. ಅವರು ಹತ್ತಿ, ಎಡಸಾಲಿನ ಕಿಟಕಿಗೆ ಸರಿದರು.

ಅಕ್ಕೋರು ಹೋದದ್ದು ಹೋದ ವರ್ಷ. ಬೆಳಿಗ್ಗೆ ಚಹಾ ಕುಡಿದು ಕೂತವರು ಮತ್ತೆ ಏಳಲಿಲ್ಲವಂತೆ. ಮದುವೆಯಾಗಿರಲಿಲ್ಲ, ಹುಬ್ಬಳ್ಳಿಯಿಂದ ಅವರ ತಮ್ಮ ಬಂದು ಮುಂದಿನದನ್ನು ನೋಡಿಕೊಳ್ಳುತ್ತಿದ್ದರು. ನಾನು ದಾವಣಗೆರೆಯ ಆ ಮನೆ ಮುಟ್ಟುವಾಗ ಅಕ್ಕೋರನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಅಂಗಳದಲ್ಲಿ ಒಂದೇ ಜಮಖಾನ ಹಾಸಿತ್ತು, ಮೂಲೆಯಲ್ಲಿ ನೆರೆಯ ಹೆಂಗಸರು ನಾಲ್ಕು ಮಂದಿ.

ಬಾತಿಯಾಕೆ ಬಂದಳು. ಕುಕ್ಕುವಾಡದ ಅಣ್ಣ ಹೆಂಡತಿಯನ್ನು ಕರೆದುಕೊಂಡು ಬಂದ. ಹರಿಹರದ ಬಸ್ಸು ಬಂದಾಗಲೆಲ್ಲ ಗೇಟಿನಲ್ಲಿ ಇನ್ನಷ್ಟು ಮಂದಿ. ಜಮಖಾನ ತುಂಬಿ, ಕಟ್ಟೆ ತುಂಬಿ, ನಾವು ಗೋಡೆಗೆ ಒರಗಿ ನಿಂತೆವು. ಕಂಪ್ಯೂಟರಿನ ಡಬ್ಬ ಬಿಚ್ಚಲು ಹೆದರಿದ್ದವಳು ಗೇಟಿನ ಹತ್ತಿರವೇ ಬಿಕ್ಕಿಬಿಕ್ಕಿ ಅತ್ತಳು. ತಮ್ಮನವರು ಒಬ್ಬೊಬ್ಬರನ್ನೇ ನೋಡುತ್ತ ನನ್ನ ಹತ್ತಿರ ಬಂದರು.

"ಯಾವೂರವ್ವ ನಿಮ್ದು?"

"ಸಾರಥಿ ರೀ."

"ಅವರು?"

"ಬಾತಿಯೋರು. ಆ ಕಡೆ ನಿಂತೋರು ಕುಕ್ಕುವಾಡ."

ಅವರಿಗೆ ತಿಳಿಯಲಿಲ್ಲ. "ನಮ್ಮಕ್ಕ ಒಬ್ಬಾಕೇ ಇದ್ಲು, ಯಾರು ಬರ್ತಾರ ಅಂದ್ಕಂಡಿದ್ವಿ. ಇಷ್ಟೂರಾಗ ನಮಗ ಬೀಗರಿಲ್ಲ. ನೀವೆಲ್ಲಾ ಯಾರ ಪೈಕಿ?"

ಲೈಬ್ರರಿ ಅನ್ನಬೇಕೋ, ಗುಂಪು ಅನ್ನಬೇಕೋ? "ಅಕ್ಕೋರ ಪೈಕಿ ರೀ" ಅಂದೆ.

ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಮೇಲೆ ಪಕ್ಕದ ಮನೆಯ ಬಾಗಿಲಿಗೆ ಹೋಗಿ, "ಇನ್ನೊಂದೆರಡು ಜಮಖಾನ ಇದ್ರ ಕೊಡ್ರಿ. ನಮ್ಮಕ್ಕನ ಕಡೆಯೋರು ಬಹಳ ಮಂದಿ ಬಂದಾರ" ಅಂದರು.