ನೂರು ವ್ಯಾಟಿನ ಸುಳ್ಳು

ಆ ಕಾರಿಗೆ ಕಪ್ಪೆ ಎಂದು ಹೆಸರಿಟ್ಟವಳು ಮೊಮ್ಮಗಳು. ಹಸಿರು ಮೈ, ಮುಂದೆ ಎರಡು ದುಂಡನೆಯ ದೀಪ, ನಡುವೆ ಅಗಲವಾದ ಬಾಯಿ. ಇನ್ನೇನಂತ ಕರೆಯಬೇಕಿತ್ತು ಹೇಳಿ? ತಾತ ಮೊದಮೊದಲು ಸಿಡುಕಿದರು. ತಮ್ಮ ಮಗನಿಗಿಂತ ಎರಡು ವರ್ಷ ದೊಡ್ಡ ಗಾಡಿಯನ್ನು ಹೀಗೆಲ್ಲ ಕರೆಯುವುದು ಅವರಿಗೆ ಸರಿಬರಲಿಲ್ಲ. ಆಮೇಲೆ ಒಂದು ದಿನ ಅವರೇ "ಕಪ್ಪೆಗೆ ನೀರು ಹಾಕಿದ್ರಾ?" ಎಂದು ಕೇಳಿಬಿಟ್ಟರು. ಅಲ್ಲಿಗೆ ಹೆಸರು ಗಟ್ಟಿಯಾಯಿತು.

ತಾತ ಅಂದರೆ ಮೊಮ್ಮಗಳಿಗೆ ತಾತ, ಸೊಸೆಗೆ ಮಾವ, ಬೀದಿಗೆಲ್ಲ ಲೈಟು ಮೇಸ್ತ್ರಿ. ಗಾಡಿಗಳ ದೀಪ ಕೆಟ್ಟರೆ ಸರಿಮಾಡುವುದು ನಲವತ್ತು ವರ್ಷದಿಂದ ಅವರ ಕಸುಬು. ಮನೆಯ ಮಗ್ಗುಲಿಗೆ ತಗಡಿನ ಶೆಡ್ಡು, ಮೊಳೆಗಳಿಗೆ ನೇತುಹಾಕಿದ ತಂತಿಯ ಸುರುಳಿಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ಫ್ಯೂಸು, ಎದುರಿಗೆ ಸುಣ್ಣ ಬಳಿದ ಒಂದು ಗೋಡೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೆರೆ. ಗಾಡಿಯನ್ನು ಅದರ ಮುಂದೆ ನಿಲ್ಲಿಸಿ ದೀಪ ಹಾಕಿದರೆ ಬೆಳಕು ಗೆರೆಯ ಮೇಲೆ ಕೂತಿದೆಯೋ, ಆಕಾಶ ನೋಡುತ್ತಿದೆಯೋ ಗೊತ್ತಾಗುತ್ತಿತ್ತು. ಇಂಥ ಮೇಸ್ತ್ರಿಯ ಒಬ್ಬನೇ ಮಗ ಕರೆಂಟು ಅಂದರೆ ಮಾರು ದೂರ! ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಹಿಡಿದ ಆಸಾಮಿ ಮನೆಯ ಸ್ವಿಚ್ಚನ್ನು ಕೂಡ ಟವೆಲಿನ ತುದಿಯಿಂದ ಒತ್ತುತ್ತಿದ್ದ.

ಹೀಗಾಗಿ ಕಸುಬು ಸೊಸೆಯ ಕೈಗೆ ಬಂತು. ಮದುವೆಯಾಗಿ ಬಂದ ಹೊಸತರಲ್ಲಿ ಮಾವನಿಗೆ ಟೀ ಕೊಡಲು ಶೆಡ್ಡಿಗೆ ಹೋದವಳು ಅಲ್ಲೇ ಮೈಮರೆತು ನಿಲ್ಲುತ್ತಿದ್ದಳು. ಅದು ಸಂಜೆ, ಇನ್ನೂ ಕತ್ತಲಾಗಿರದ ಹೊತ್ತು. ಗೋಡೆಯ ಮೇಲೆ ಎರಡು ಹಳದಿ ವೃತ್ತ ಮೆಲ್ಲಗೆ ಮೂಡುತ್ತಿದ್ದವು. ಸಣ್ಣ ಹುಳುಗಳು ಆ ಬೆಳಕಿನಲ್ಲಿ ಧೂಳಿನ ಕಣಗಳ ಜೊತೆ ಸುತ್ತುತ್ತಿದ್ದವು. ಒಂದು ಕಪ್ಪು ದಾರದಂಥ ತಂತಿಯೊಳಗಿಂದ ಇಷ್ಟೆಲ್ಲ ಬೆಳಕು ಸದ್ದಿಲ್ಲದೆ ಹೇಗೆ ನಡೆದು ಬರುತ್ತದೆ ಎಂದು ಅವಳಿಗೆ ಅಚ್ಚರಿ. ಟೀ ತಣ್ಣಗಾಗುತ್ತಿತ್ತು. "ಬರೀ ನೋಡ್ತಾ ನಿಂತ್ರೆ ಆಗುತ್ತಾ? ಹಿಡ್ಕೋ ಇದನ್ನ" ಎಂದು ಮಾವ ಒಂದು ಸಂಜೆ ತಂತಿ ಪರೀಕ್ಷಿಸುವ ಪುಟ್ಟ ಬಲ್ಬನ್ನು ಅವಳ ಕೈಗಿತ್ತರು. ಅದಾಗಿ ಹದಿನಾಲ್ಕು ವರ್ಷ.

ಮಾವನಿಗೆ ಯಾರ ಕೆಲಸವೂ ಹಿಡಿಸದು. ಬೇರೆ ಗ್ಯಾರೇಜಿನವರು ಮಾಡಿದ್ದನ್ನು ಬಿಚ್ಚಿ ಬೈಯುತ್ತಿದ್ದರು, ತಾವು ಮಾಡಿದ್ದನ್ನೇ ಎರಡು ಸಲ ನೋಡುತ್ತಿದ್ದರು. ಸೊಸೆ ಮುಗಿಸಿದ ಗಾಡಿಯ ಬಾನೆಟ್ಟನ್ನು ಮಾತ್ರ ಎತ್ತುತ್ತಿರಲಿಲ್ಲ. "ಅವಳು ಆಯ್ತು ಅಂದ್ರೆ ಆಯ್ತು, ತಗೊಂಡು ಹೋಗಿ" ಎನ್ನುತ್ತಿದ್ದರು. ಬಾಯಿತುಂಬ ಹೊಗಳುವ ಜನ ಬೇಕಾದಷ್ಟು ಸಿಗುತ್ತಾರೆ. ಹೀಗೆ ಬಾನೆಟ್ ಎತ್ತದೆ ಬಿಡುವವರು ಎಲ್ಲಿ ಸಿಗುತ್ತಾರೆ? ಲೋಕದಲ್ಲಿ ಬೇರೆ ಏನು ಕಳೆದುಕೊಂಡರೂ ಇದೊಂದನ್ನು ಕಳೆದುಕೊಳ್ಳಬಾರದು ಎಂದು ಅವಳಿಗಿತ್ತು.

ಅಂಥವಳು ಮಾಡಿದ್ದೇನು ಕೇಳಿ.

ಅತ್ತೆ ತೀರಿಕೊಂಡ ಮೇಲೆ ಮಾವ ಒಂದು ಕೆಲಸವನ್ನು ತಮ್ಮದೇ ಎಂದು ಹಚ್ಚಿಕೊಂಡಿದ್ದರು. ಸಂಜೆ ಕಪ್ಪೆಯನ್ನು ತೆಗೆದುಕೊಂಡು ಹೋಗಿ, ಈಜು ಕಲಿಯುತ್ತಿದ್ದ ಒಂಬತ್ತು ವರ್ಷದ ಮೊಮ್ಮಗಳನ್ನು ಕೊಳದಿಂದ ಮನೆಗೆ ಕರೆತರುವುದು. ಹೋಗುವಾಗ ಬೆಳಕಿರುತ್ತಿತ್ತು, ಬರುವಾಗ ಮಬ್ಬು. ಒಂದು ದಿನ ಬಂದವರೇ, "ಕಪ್ಪೆ ದೀಪ ಯಾಕೋ ಮಂಕಾಗಿದೆ, ನೋಡಮ್ಮ" ಎಂದರು. ಅವಳು ನೋಡಿದಳು. ಬ್ಯಾಟರಿ ಸರಿಯಿತ್ತು, ಮೀಟರಿನ ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ಆದರೂ ಗಾಜು ತೊಳೆದಳು, ತುಕ್ಕು ಕೆರೆದಳು. ನಾಲ್ಕು ದಿನಕ್ಕೆ ಮತ್ತೆ ಅದೇ ರಾಗ. ಹೊಸ ಬಲ್ಬು ಹಾಕಿದಳು. ವಾರ ಕಳೆದು, "ಈಗಿನ ಬಲ್ಬುಗಳೇ ಇಷ್ಟು, ಎರಡು ದಿನದ ಬಾಳು" ಎಂದು ಮಾವ ಬಲ್ಬು ಮಾಡಿದವರನ್ನು ಶಪಿಸಿದರು.

ಮರುದಿನ ಅವಳು ಕೆಂಪು ತಂತಿ ಕೇಳಿದಾಗ ಮಾವ ಕಂದು ತಂತಿ ಕೊಟ್ಟರು. ಕೊಟ್ಟು, ಏನೂ ಆಗಿಲ್ಲವೆಂಬಂತೆ ತಮ್ಮ ಕೆಲಸಕ್ಕೆ ತಿರುಗಿದರು. ಮಂಕಾದದ್ದು ಕಪ್ಪೆಯ ಕಣ್ಣಲ್ಲ, ಮಾವನ ಕಣ್ಣು.

ಹೇಳಬೇಕಿತ್ತು. ಹೌದು, ಆಗಲೇ ಹೇಳಬೇಕಿತ್ತು! ಆದರೆ ಬೀದಿಯ ತುದಿಯಲ್ಲಿ ಬರುವ ಲಾರಿಯ ಒಂದು ದೀಪ ಓರೆಯಾಗಿದ್ದರೆ ಕೂತಲ್ಲಿಂದಲೇ ಹೇಳುತ್ತಿದ್ದ ಮನುಷ್ಯನಿಗೆ ನಿಮ್ಮ ಕಣ್ಣು ಹೋಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಕಾರಿನ ಕೀ ಕಸಿದುಕೊಂಡಂತೆ ಆಗುತ್ತದಲ್ಲ, ಸಂಜೆಯಾದರೆ ಅವರಿಗೆ ಬೇರೇನಿದೆ ಎಂದುಕೊಂಡು ಅವಳು ಬಾಯಿ ಬಿಗಿಹಿಡಿದಳು. ಸುಮ್ಮನಾದರೂ ಇದ್ದಳೇ? ನಲವತ್ತೈದು ವ್ಯಾಟಿನ ಬಲ್ಬು ತೆಗೆದು ಅರವತ್ತರದು ಹಾಕಿದಳು. ಮಾವನ ಮುಖ ಅರಳಿತು. ತಿಂಗಳಾದ ಮೇಲೆ ಮತ್ತೆ ಮಂಕು ಎಂದರು. ನೂರು ವ್ಯಾಟಿನದು ಹಾಕಿದಳು. ಹಳೆಯ ಕಾರಿನ ತೆಳ್ಳನೆ ತಂತಿ ಅಷ್ಟು ಭಾರ ಹೊರುವುದಿಲ್ಲ ಎಂಬುದು ಈ ಕಸುಬಿನಲ್ಲಿ ಮೊದಲ ವಾರ ಕಲಿಯುವ ಮಾತು. ಗೊತ್ತಿದ್ದೂ ಹಾಕಿದಳು. "ಏನು ಮಾಡ್ದೆ?" ಎಂದು ಮಾವ ಕೇಳಿದರೆ, "ಏನಿಲ್ಲ ಮಾವ, ಅರ್ತಿಂಗ್ ಲೂಸಾಗಿತ್ತು" ಎಂದಳು. ಅವರು ಬಾನೆಟ್ ಎತ್ತಲಿಲ್ಲ. ಅವಳು ಆಯ್ತು ಅಂದಿದ್ದಳಲ್ಲ.

ಹದಿನೈದು ದಿನ ಕಪ್ಪೆ ಬೆಳದಿಂಗಳು ಕಾರಿಕೊಂಡು ಓಡಾಡಿತು. ಹದಿನಾರನೆಯ ಸಂಜೆ ಅಜ್ಜ ಮೊಮ್ಮಗಳು ಬರುವುದು ತಡವಾಯಿತು. ಅವಳು ಗೇಟಿನಲ್ಲಿ ನಿಂತು ಕಾದಳು. ಕೊನೆಗೆ ಬೀದಿಯ ತಿರುವಿನಲ್ಲಿ ಏನೋ ಕೇಸರಿ ಬಣ್ಣದ್ದು ಮಿನುಗಿ ಆರಿತು. ಮತ್ತೆ ಮಿನುಗಿತು. ಎರಡು ಕಡೆಯ ಮರಗಳು, ಕಾಂಪೌಂಡು, ಬಿದ್ದಿದ್ದ ಎಲೆ, ಎಲ್ಲವೂ ಒಮ್ಮೆ ಇದ್ದು ಒಮ್ಮೆ ಇಲ್ಲವಾಗುತ್ತಿತ್ತು. ಆ ಮಿಣುಕಿನ ಹಿಂದೆ ಕಪ್ಪೆ ನಡೆಯುವವರಿಗಿಂತ ನಿಧಾನವಾಗಿ ಬರುತ್ತಿತ್ತು. ನೋಡಲು ಎಷ್ಟು ಚೆಂದವಿತ್ತು ಅಂದರೆ, ಒಂದು ಗಳಿಗೆ ಅವಳಿಗೆ ಹೆದರಿಕೆಯೇ ಮರೆತುಹೋಯಿತು.

ಮಗಳು ಒದ್ದೆ ತಲೆಯಲ್ಲಿ ಕುಣಿಯುತ್ತ ಇಳಿದಳು. "ಅಮ್ಮಾ, ದೀಪ ಎರಡೂ ಹೋಗ್ಬಿಡ್ತು! ಇಂಡಿಕೇಟರ್ ಹಾಕ್ಕೊಂಡು ಬಂದ್ವಿ. ರಸ್ತೆ ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ! ತಾತಂಗೆ ಏನೂ ಕಾಣ್ಲಿಲ್ಲ, ನಾನೇ ಎಡಕ್ಕೆ ಬಲಕ್ಕೆ ಅಂತ ಹೇಳ್ದೆ." ಅವಳು ಮಗಳನ್ನು ಅವುಚಿಕೊಂಡಳು. ಮಾವ ಒಳಗೆ ಹೋದರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಕಪ್ಪೆಯ ಬಾನೆಟ್ ತೆರೆದಿತ್ತು. ಕರಗಿ ಮುದ್ದೆಯಾದ ಹೋಲ್ಡರು, ಸಿಪ್ಪೆ ಬಿಟ್ಟ ತಂತಿ ಬೆಂಚಿನ ಮೇಲಿದ್ದವು. ಮಾವ ಒಂದು ಬಲ್ಬನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿದರು. ಆಮೇಲೆ ಅವಳ ಕಡೆ ಚಾಚಿದರು.

"ಎಷ್ಟು ಅಂತ ಬರೆದಿದೆ, ಓದು."

ಅರವತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನೂರು."

"ನಾನು ನೂರು ಹಾಕು ಅಂದಿದ್ನಾ?"

"ಇಲ್ಲ."

"ಅರ್ತಿಂಗ್ ಲೂಸು ಅಂದೆ ನೀನು."

"ದೀಪ ಸರಿಯಾಗೇ ಇತ್ತು ಮಾವ. ನಿಮಗೇ ಕಾಣಿಸ್ತಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಗು ಇತ್ತು ಕಾರಲ್ಲಿ" ಎಂದಷ್ಟೇ ಹೇಳಿ ಬಲ್ಬನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹೋದರು.

ಅಂದು ಸಂಜೆ ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮಾವ ಯಾವುದೋ ಗಿರಾಕಿಯ ಹೊಸ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ ದೀಪ ಹಾಕಿದ್ದರು. ಅಂಗೈಯಿಂದ ಎಡಗಣ್ಣು ಮುಚ್ಚಿದರು, ನೋಡಿದರು. ಕೈ ಬದಲಿಸಿ ಬಲಗಣ್ಣು ಮುಚ್ಚಿದರು, ನೋಡಿದರು. ಮತ್ತೆ ಎಡ, ಮತ್ತೆ ಬಲ. ಬೆಳಕು ಸುಮ್ಮನೆ ಗೋಡೆಯ ಮೇಲಿತ್ತು, ಹುಳುಗಳು ತಮ್ಮ ಪಾಡಿಗೆ ಸುತ್ತುತ್ತಿದ್ದವು, ಆ ಮನುಷ್ಯ ಒಂದು ಕೈ ಮುಖಕ್ಕಿಟ್ಟುಕೊಂಡು ಕನಸಿನಲ್ಲಿ ನಿಂತವರಂತೆ ನಿಂತಿದ್ದರು. ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿತು.

ಮರುದಿನ ಅವರು ಮಗನಿಗೆ, "ಕಣ್ಣಿನ ಆಸ್ಪತ್ರೆಲಿ ಹೆಸರು ಬರೆಸು. ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿಗೂ ಶುರುವಾಗಿದೆ" ಎಂದರು. ಡಾಕ್ಟರು ಆಮೇಲೆ ಹೇಳಿದ್ದೂ ಅದನ್ನೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ.

ಆದರೆ ಸೊಸೆಯ ಜೊತೆ ಮಾತು ನಿಂತಿತು. ಬೇಕಾದ್ದನ್ನೆಲ್ಲ ಮೊಮ್ಮಗಳ ಮೂಲಕ ಕೇಳುತ್ತಿದ್ದರು. "ನಿಮ್ಮಮ್ಮಂಗೆ ಹೇಳು, ಸ್ಕ್ರೂಡ್ರೈವರ್ ಎಲ್ಲಿಟ್ಟಿದಾಳೆ ಅಂತ." ಅಮ್ಮ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. "ನಾನೇನು ಟೆಲಿಫೋನಾ?" ಎಂದು ಮಗು ಸೊಂಟಕ್ಕೆ ಕೈಯಿಟ್ಟು ಕೇಳಿದರೂ ಯಾರೂ ನಗಲಿಲ್ಲ.

ಅದನ್ನೂ ತಡೆದುಕೊಂಡಾಳು. ತಡೆಯಲಾಗದ್ದು ಇನ್ನೊಂದು. ಅವಳು ಮುಗಿಸಿದ ಪ್ರತಿ ಗಾಡಿಯ ಬಾನೆಟ್ಟನ್ನೂ ಈಗ ಮಾವ ಎತ್ತುತ್ತಿದ್ದರು. ಟಾರ್ಚ್ ಹಿಡಿದು, ಮೂಗು ತಂತಿಗೆ ತಾಗುವಷ್ಟು ಬಗ್ಗಿ, ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವಳು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದಳು. ರಾತ್ರಿ ಗಂಡ, "ಅಪ್ಪಂಗೆ ಮೂಗಿನ ತುದೀಲೇ ಕೋಪ, ಇಳಿಯುತ್ತೆ ಬಿಡು" ಎಂದ. "ಕೋಪ ಅಲ್ಲ ಕಣ್ರೀ ಇದು. ಕೋಪ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಐದು ವಾರ ಹೀಗೇ ಕಳೆಯಿತು. ಅದರ ನಡುವೆಯೇ ಎಡಗಣ್ಣಿನ ಆಪರೇಷನ್ ಮುಗಿಯಿತು, ಮಾವ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುತ್ತಿದ್ದವಳು ಅವಳೇ. ಅವರು ತಲೆ ಹಿಂದಕ್ಕೆ ಚೆಲ್ಲಿ ಸೂರು ನೋಡುತ್ತ ಕೂರುತ್ತಿದ್ದರು. ಹನಿ ಬೀಳುತ್ತಿತ್ತು, ಮಾತು ಮಾತ್ರ ಉದುರುತ್ತಿರಲಿಲ್ಲ. ಈ ಮನೆಯಲ್ಲಿ ಇನ್ನು ಹೀಗೇ ಬದುಕಬೇಕೇನೋ ಎಂದು ಅವಳು ಅಂದುಕೊಂಡಳು. ಹಾಗೆ ಅಂದುಕೊಂಡಾಗಲೆಲ್ಲ ಕಣ್ಣು ತುಂಬುತ್ತಿತ್ತು.

ಡಾಕ್ಟರು ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಸಂಜೆ ಅವಳು ಶೆಡ್ಡಿನಲ್ಲಿದ್ದಳು. ಕಪ್ಪೆಗೆ ಹೊಸ ತಂತಿ ಎಳೆದು, ಹಳೆಯ ಅಳತೆಯ ಬಲ್ಬು ಹಾಕಿ, ಗೋಡೆಯ ಮೇಲೆ ಬೆಳಕು ಬಿಟ್ಟು ಗೆರೆಗೆ ಕೂರಿಸುತ್ತಿದ್ದಳು. ಆಕಾಶಕ್ಕೆ ಇನ್ನೂ ಸ್ವಲ್ಪ ಜೀವವಿತ್ತು. ಹಿಂದೆ ಚಪ್ಪಲಿಯ ಸದ್ದಾಯಿತು. ಮಾವ ಬಂದು ಕನ್ನಡಕ ತೆಗೆದು ಜೇಬಿಗಿಟ್ಟರು. ಗೋಡೆ ನೋಡಿದರು. ಬೆಳಕನ್ನು ನೋಡಿದರು. ಮೊಳೆಗೆ ನೇತುಹಾಕಿದ್ದ ತಂತಿಗಳನ್ನು ಒಂದೊಂದಾಗಿ, ಕೆಂಪು, ನೀಲಿ, ಕಂದು ಎಂದು ತುಟಿಯಲ್ಲೇ ಎಣಿಸುವಂತೆ ನೋಡಿದರು. ಆಮೇಲೆ ಬಾನೆಟ್ಟಿನ ಹತ್ತಿರ ಬಂದರು. ಈಗ ಮೂಗು ತಂತಿಗೆ ಇಡುತ್ತಾರೆ ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು.

ಅವರು ಬಗ್ಗಲಿಲ್ಲ. ಅವಳನ್ನೇ ನೋಡುತ್ತ ನಿಂತರು.

"ಸ್ವಲ್ಪ ಬೆಳಕಿಗೆ ಬಾರಮ್ಮ" ಎಂದರು.

ಐದು ವಾರದ ಮೇಲೆ ಮೊದಲ ಮಾತು. ಕೈಗೆ ಗ್ರೀಸು ಮೆತ್ತಿಕೊಂಡೇ ಅವಳು ಕಪ್ಪೆಯ ದೀಪದ ಮುಂದೆ ಬಂದು ನಿಂತಳು. ಕಣ್ಣು ಕುಕ್ಕಿತು. ಮಾವ ತಮ್ಮ ಕಿವಿಯ ಮೇಲಿನ ಕೂದಲನ್ನು ಮುಟ್ಟಿ ತೋರಿಸಿದರು.

"ನಿಂಗೆ ಇಲ್ಲೆಲ್ಲ ಯಾವಾಗ ಬೆಳ್ಳಗಾಯ್ತು?"

"ಮೂರು ವರ್ಷ ಆಯ್ತೇನೋ ಮಾವ."

ಅವರು ಎರಡು ಹೆಜ್ಜೆ ಹತ್ತಿರ ಬಂದರು. ಹೊಸ ಕಣ್ಣಿನಿಂದ ಅವಳ ಹಣೆ, ಕಣ್ಣ ಕೆಳಗಿನ ಗೆರೆಗಳು, ಕೆನ್ನೆ, ಎಲ್ಲವನ್ನೂ ಮೊದಲ ಸಲವೆಂಬಂತೆ ನೋಡಿದರು. ಈ ಮನೆಗೆ ಬಂದಾಗ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಹುಡುಗಿ ಅವಳು.

"ಇದನ್ನೂ ನಂಗೆ ಹೇಳ್ಲಿಲ್ವಲ್ಲಮ್ಮ ನೀನು" ಎಂದರು.

ಅವಳು ನಗಲು ಹೋದಳು, ಅಳು ಬಂತು.