ನಾನು ಬರೆಯದ ಪತ್ರ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗೋವಾದ ಮಡ್ಕಯಿಯ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಗುಳಿಗೆ ಪ್ಯಾಕ್ ಮಾಡುವ ಕೆಲಸಕ್ಕಿದ್ದೆ. ನಮ್ಮ ಸಾಲಿನ ಹೆಂಗಸರೆಲ್ಲ ವಿಜಾಪುರ, ಬಾಗಲಕೋಟೆ ಕಡೆಯವರು. ಮೆಟ್ರಿಕ್ ತನಕ ಓದಿದವಳು ನಾನೊಬ್ಬಳೇ. ಎಲ್ಲರ ಊರಿಗೂ ಪತ್ರ ಬರೆದುಕೊಡುತ್ತಿದ್ದವಳೂ ನಾನೇ.

ಒಂದು ದಿನ ಮ್ಯಾನೇಜರರಿಗೆ ಕನ್ನಡದಲ್ಲಿ ಒಂದು ಪತ್ರ ಬಂತು. ಸಹಿ ಇರಲಿಲ್ಲ. ನಮ್ಮ ಸೂಪರ್‌ವೈಸರ್ ಗೋದಾಮಿನಲ್ಲಿ ಹೆಂಗಸರನ್ನು ಏನು ಮಾಡುತ್ತಾನೆಂದು ಅದರಲ್ಲಿ ಬಿಡಿಸಿ ಬರೆದಿತ್ತು. ಇನ್ನೊಮ್ಮೆ ಮೈಮುಟ್ಟಿದರೆ ಕೈ ಕಡಿಯುತ್ತೇವೆ ಎಂದು ಕೊನೆಯಲ್ಲಿತ್ತು. ಆ ಕೊನೆಯ ಸಾಲು ಹಿಡಿದುಕೊಂಡು ಸೂಪರ್‌ವೈಸರನೇ ಪೊಲೀಸರಿಗೆ ದೂರು ಕೊಟ್ಟ. ಕನ್ನಡ ಬರೆಯಬಲ್ಲವರು ಯಾರು ಎಂದು ಕೇಳಿದಾಗ ಎಲ್ಲರೂ ನನ್ನನ್ನೇ ತೋರಿಸಿದರು.

ಠಾಣೆಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಪೇಟೆಯಿಂದ ಬೆಳಗಾವಿ ಕಡೆಯ ಕಿರಾಣಿ ಅಂಗಡಿಯವರೊಬ್ಬರನ್ನು ಕರೆಸಿದರು. ಅವರು ಆ ಪತ್ರವನ್ನು ಓದಬೇಕು, ನಾನು ಕೇಳಿ ಬರೆಯಬೇಕು. ಬರೆದದ್ದನ್ನು ಪರ ಊರಿನ ಹಸ್ತಾಕ್ಷರ ತಜ್ಞರಿಗೆ ಕಳಿಸಿ ಹೋಲಿಸಿ ನೋಡಿಸುತ್ತಾರಂತೆ.

ಅಂಗಡಿಯವರು ಪತ್ರದ ಮೇಲೆ ಕಣ್ಣಾಡಿಸಿ ತಲೆ ತಗ್ಗಿಸಿದರು. "ತಂಗೀ, ಇದನ್ನ ಬಾಯಿ ಬಿಟ್ಟು ಓದಾಕ ನನಗ ನಾಚಿಕಿ ಬರತೈತಿ."

"ಓದ್ರಿ ಅಣ್ಣಾರ," ಎಂದೆ.

ರಟ್ಟಿನ ಡಬ್ಬಿ ಹರಿದಿದೆ ಬಾ ಎಂದು ಒಳಗೆ ಕರೆಯುವುದು, ಬಾಗಿಲು ಮುಂದೆ ಮಾಡುವುದು, ಬಾಯಿಯ ಮೇಲೆ ಕೈ ಒತ್ತುವುದು. ಅವರು ಓದಿದರು, ನಾನು ಬರೆದೆ. ಅದೆಲ್ಲ ನನಗೂ ಆಗಿತ್ತು. ಎರಡು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಪೊಲೀಸರ ಮುಂದೆ ಕೂತು ಬರೆಯುತ್ತಿದ್ದೆ. ಸಾಲು ಓರೆಯಾಯಿತು. ಬೇಕೆಂದೇ ಅಕ್ಷರ ಕೆಡಿಸುತ್ತಿದ್ದಾಳೆ ಎಂದು ಹವಾಲ್ದಾರ ಕೊಂಕಣಿಯಲ್ಲಿ ಗದರಿದ. ಕೂರಿಸಿ ಬರೆಸಿದರು, ನಿಲ್ಲಿಸಿ ಬರೆಸಿದರು, ಎಡಗೈಯಲ್ಲೂ ಬರೆಸಿದರು. ಎಂಟು ಸಲ.

ನಡುವೆ ಒಮ್ಮೆ ಮೂಲ ಪತ್ರ ಮೇಜಿನ ಮೇಲೆ ಕಂಡಿತು. ಮೊದಲು ಅಕ್ಷರದ ಹೊಟ್ಟೆ ಬರೆದು, ಪೆನ್ನೆತ್ತಿ, ಆಮೇಲೆ ಟೊಪ್ಪಿಗೆ ಇಟ್ಟಂತೆ ತಲೆಕಟ್ಟು ಹಾಕಿದ ಬರಹ. ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳದು. ರವಿವಾರ ನಮ್ಮ ಖೋಲಿಗೆ ಕರೆಸಿಕೊಂಡು ಅವಳಿಗೆ ಬರೆಯಲು ಕಲಿಸಿದವಳು ನಾನು. ಎಷ್ಟು ತಿದ್ದಿದರೂ ಆ ರೂಢಿ ಹೋಗಿರಲಿಲ್ಲ. ಅವಳಿಗೆ ಬರೆಯಲು ಬರುತ್ತದೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೆಸರು ಹೇಳಲಿಲ್ಲ.

ಮರುದಿನವೇ ನನ್ನನ್ನು ಕೆಲಸದಿಂದ ತೆಗೆದರು. ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ ನನ್ನ ಗಂಡ ಒಂದೇ ಮಾತು ಕೇಳಿದರು.

"ಪತ್ರದಾಗ ಬರದದ್ದು ನಿನಗೂ ಆಗೇತೇನು?"

"ಇಲ್ರಿ."

ಅವರು ನಂಬಲಿಲ್ಲವೆಂದು ನನಗೆ ಗೊತ್ತಾಯಿತು. ಮುಂದೆ ಬಹಳ ತಿಂಗಳು ಅವರು ನನ್ನ ಕಡೆ ಬೆನ್ನು ಮಾಡಿಯೇ ಊಟಕ್ಕೆ ಕೂರುತ್ತಿದ್ದರು.

ವರ್ಷ ದಾಟಿದ ಮೇಲೆ ತಜ್ಞರ ವರದಿ ಬಂತು. ಠಾಣೆಯಲ್ಲಿ ಅಂಗಡಿಯವರೇ ಅದನ್ನು ಓದಿ ಕನ್ನಡದಲ್ಲಿ ತಿಳಿಸಿದರು. "ಅಕ್ಷರದ ಆಕಾರ ಒಂದ ನಮೂನಿ ಕಾಣತಾವ, ಆದ್ರ ಬರದ ಕೈ ಬ್ಯಾರೆ ಅಂದಾರ. ತಲಿಕಟ್ಟು, ಒತ್ತಕ್ಷರ ಎಲ್ಲಾ ಭಾಳ ಸೂಕ್ಷ್ಮ ನೋಡ್ಯಾರ. ನೀ ಬರದಿಲ್ಲಂತ ಖರೇ ಆತು ತಂಗೀ."

"ಬರದದ್ದು ಖರೇನೋ ಸುಳ್ಳೋ ಅಂತ ನೋಡ್ಯಾರೇನ್ರಿ?"

ಅವರು ಕಾಗದ ಮಡಚಿದರು. "ಅದನ್ನ ಅವರಿಗೆ ಯಾರೂ ಕೇಳಿಲ್ಲಲ್ಲ."

ಕಾರ್ಖಾನೆಗೆ ಹೋದೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಪಾಳಿ ಬಿಡುವ ತನಕ ಗೇಟಿನ ಹೊರಗೆ ನಿಂತೆ. ಪಕ್ಕ ಕೂರುತ್ತಿದ್ದವಳು ಬಂದವಳೇ ನನ್ನ ಕೈ ಹಿಡಿದಳು.

"ನಿನ್ನ ಹೆಸರು ಬರತೈತಂತ ನನಗ ಗೊತ್ತಿರಲಿಲ್ಲ ಅಕ್ಕಾ."

"ಗೊತ್ತಾದ ಮ್ಯಾಲೆ?"

ಅವಳು ಅತ್ತಳು. ಆಮೇಲೆ, ನನಗೆ ಸಮಾಧಾನ ಹೇಳುವವಳಂತೆ ಅಂದಳು: "ಅಂವ ಈಗ ನಮ್ಮನ್ನ ಗೋದಾಮಿಗೆ ಕರಿಯೂದಿಲ್ಲಕ್ಕಾ. ಹೊಸದಾಗಿ ಸೇರಿದ ಹುಡಿಗ್ಯಾರನ್ನಷ್ಟ ಕರೀತಾನ."

"ಮತ್ತ ಬರಿ," ಎಂದೆ.

ಅವಳು ಕೈ ಬಿಟ್ಟಳು. ಬಸ್ಸು ಬಂತು, ಹತ್ತಿ ಹೋದಳು.

ನಾವು ವಾಸ್ಕೋಗೆ ಬಂದೆವು. ಅಲ್ಲಿ ಸಿಗಡಿ ಸುಲಿಯುವ ಕೆಲಸ ಸಿಕ್ಕಿತು. ಸೇರುವಾಗ ಓದು ಬರಹ ಬರುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಮಸಿ ಮುಂದಿಟ್ಟರು, ಹೆಬ್ಬೆಟ್ಟು ಒತ್ತಿದೆ. ಹನ್ನೊಂದು ವರ್ಷ ಅಲ್ಲಿ ಹಾಗೆಯೇ ದುಡಿದೆ.