ನಂಜುಂಡಪ್ಪ ಡಾಕ್ಟರು ಚೆಲ್ಲಿದ ಲಸಿಕೆ

ಸೂಜಿ ಹಾಕುವ ಮುಂಚೆ ನಂಜುಂಡಪ್ಪ ಡಾಕ್ಟರು ಔಷಧಿಯ ಬಾಟ್ಲಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು, ಕೂಸಿನ ಮೈ ಕಾದಿದೆಯೇ ಎಂದು ತಾಯಿ ನೋಡುವ ಹಾಗೆ. ಹೆತ್ತೂರು ಸುತ್ತಿನ ದನಗಳಿಗೆಲ್ಲ ಅವರೇ ಡಾಕ್ಟರು. ಹಸುವನ್ನು ಅವ್ವಾ ಎಂದು ರಮಿಸುವರು, ಹಗ್ಗ ಹಿಡಿದ ನಮ್ಮನ್ನು ಬೈಯುವರು. ನಮ್ಮ ಯಜಮಾನರಿಗೆ ಒಮ್ಮೆ, "ಕಟ್ಟಾಕ್ಬೇಕಾಗಿರೋದು ನಿನ್ನ ಕಣಯ್ಯ, ಅದನ್ನಲ್ಲ" ಎಂದಿದ್ದರು.

ಒಂದು ವರ್ಷ ಪಕ್ಕದ ಊರಿಗೆ ಕಾಲುಬಾಯಿ ಜ್ವರ ಬಂತು. ಡಾಕ್ಟರು ಬೇರೊಂದು ಕಡೆ ಹಸುವಿನ ಹೆರಿಗೆಯಲ್ಲಿ ಸಿಕ್ಕಿಕೊಂಡು, ಲಸಿಕೆಯ ಪೆಟ್ಟಿಗೆಯನ್ನು ಚುಚ್ಚುವ ಹಿಂದಿನ ಸಂಜೆಯೇ ನಮ್ಮೂರಿನ ಒಂದು ಮನೆಗೆ ಕಳಿಸಿದರು. ಯಾರ ಮನೆ ಎಂದು ಬರೆಯುವುದಿಲ್ಲ. ನಮ್ಮ ಕಡೆ ಬಿತ್ತನೆ ಬೀಜ, ಉಪ್ಪು, ಮೆಣಸು, ಜೋಪಾನ ಮಾಡುವುದು ಏನೇ ಇದ್ದರೂ ಶೀತ ತಾಗದಂತೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಆ ಮನೆಯಾಕೆಯೂ ಬಾಟ್ಲಿಗಳನ್ನು ಒರೆಸಿ ಅಲ್ಲೇ ಇಟ್ಟಳು. ಬೆಳಿಗ್ಗೆ ಅವಳು ಅವನ್ನು ಇಳಿಸಿ ಕೊಡುವಾಗ ಡಾಕ್ಟರ ಜೊತೆ ನಾನೊಬ್ಬಳೇ ಇದ್ದದ್ದು.

ಡಾಕ್ಟರು ಕೆನ್ನೆಗಿಟ್ಟು ನೋಡಿದರು, ಬಾಟ್ಲಿ ಬೆಚ್ಚಗಿತ್ತು. ಹೊರಗೆ ಬಂದು, ಔಷಧಿ ಕೆಟ್ಟೈತೆ ಎಂದಷ್ಟೇ ಹೇಳಿ, ಗುಂಡಿ ತೆಗೆಸಿ ಅಷ್ಟನ್ನೂ ಸುರಿಸಿಬಿಟ್ಟರು. ದನ ಹಿಡಿದು ಕಾದಿದ್ದ ಜನ ಜಗಳಕ್ಕೇ ನಿಂತರು. ಇದ್ದಷ್ಟಾದರೂ ಚುಚ್ಚಿ ಎಂದರು.

"ಚುಚ್ಚಿದ್ರೆ ಧೈರ್ಯ ನಿಮಗ್ ಬತ್ತದೆ, ದನಕ್ಕೆ ಬರಾಕಿಲ್ಲ."

ಬೇರೆ ಲಸಿಕೆ ಬರುವುದರೊಳಗೆ ಜ್ವರವೇ ಬಂತು. ದೊಡ್ಡ ದನಗಳು ಕುಂಟುತ್ತ ಉಳಿದವು, ಎಳೆಗರುಗಳು ಉಳಿಯಲಿಲ್ಲ. ಡಾಕ್ಟರೇ ಕರುಗಳ ಜೀವವನ್ನು ಗುಂಡಿಗೆ ಸುರಿದರೆಂದು ಊರು ಆಡಿಕೊಂಡಿತು. ಅಟ್ಟದ ಮಾತನ್ನು ಅವರು ಎತ್ತಲೇ ಇಲ್ಲ. ನಮ್ಮ ಹಸು ಗೌರಿಯ ಸತ್ತ ಕರುವನ್ನು ನೋಡಲು ಬಂದಾಗ ಮಾತ್ರ ಮೆಲ್ಲಗೆ, "ಅರ್ಧ ಶಕ್ತಿಯಾದ್ರೂ ಉಳಿದಿತ್ತೇನೋ ಪುಟ್ಟಮ್ಮ, ಚೆಲ್ಬಾರದಿತ್ತೇನೋ" ಎಂದರು. ರಿಟೈರಾಗಿ ಆಲೂರಿಗೆ ಹೋದ ಮೇಲೂ, ಸಿಕ್ಕಾಗಲೆಲ್ಲ ಅದೇ ಮಾತು.

ಹೋದ ವರ್ಷ ನನ್ನ ಮೊಮ್ಮಗಳು ಚೈತ್ರಳಿಗೆ ಡಾಕ್ಟರೇಟ್ ಬಂತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹಿಗ್ಗು ತಡೆಯಲಾಗದೆ, ಬಸ್ಸಿನ ಕಂಡಕ್ಟರಿಗೂ ಹೇಳಿದ್ದೆ. ಅವಳು ಲ್ಯಾಬಿನಲ್ಲಿ ಬಾಟ್ಲಿಯೊಳಗೆ ಜೀವಕೋಶಗಳನ್ನು ಸಾಕಿ, ಅವುಗಳ ಮೇಲೆ ಇದೇ ಜ್ವರದ ವೈರಸ್ ಬೆಳೆಸುತ್ತಾಳೆ. ಬಿಸಿಗಿಟ್ಟು, ಹುಳಿಗೆ ಹಾಕಿ, ಎಷ್ಟು ಹೊತ್ತು ತಡೆದೀತೆಂದು ನೋಡುತ್ತಾಳೆ. ಅಟ್ಟದ ವಿಷಯ ಅವಳಿಗೆ ಹೇಳಿ, ಆಲೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ಹಾಸಿಗೆ ಹಿಡಿದಿದ್ದರು. ಚೈತ್ರ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸೇ, ಆದರೆ ಅದು ಇಡಿಯಾಗಿರಬೇಕು. ರಾತ್ರಿಯೆಲ್ಲ ಒಲೆಯ ಕಾವು ತಾಗಿದರೆ ಚೂರಾಗುತ್ತದೆ. ಚೂರಿನಿಂದ ಹಸುವಿನ ಮೈ ಏನನ್ನೂ ಕಲಿಯುವುದಿಲ್ಲ.

"ಆವತ್ತು ಚುಚ್ಚಿದ್ರೂ ಕರುಗಳು ಉಳೀತಿರ್ಲಿಲ್ಲ ತಾತ."

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಈ ಮಾತನ್ನು ಊರಿಗೆಲ್ಲ ಸಾರುತ್ತೇನೆ ಎಂದು ನಾನು ಎದ್ದೆ. ಅವರು ಬೇಡವೆಂದು ಕೈಯಾಡಿಸಿದರು.

"ಊರಿಗ್ ಹೇಳಿದ್ರೆ ಆ ತಾಯಿಗೂ ಮುಟ್ತದೆ ಪುಟ್ಟಮ್ಮ. ಆಕೆ ಜ್ವಾಪಾನ ಮಾಡಿದ್ದು. ಎಲ್ಲಿಡ್ಬೇಕು ಅಂತ ನಾನೇ ಹೇಳಿ ಕಳಿಸ್ಲಿಲ್ಲ."

ಡಾಕ್ಟರು ತೀರಿಕೊಂಡು, ಮಣ್ಣು ಮಾಡಿದ ದಿನ ನಮ್ಮೂರಿನಿಂದ ಹೋದವರು ಕೆಲವರೇ. ಒಳ್ಳೆಯವರೇ, ಲಸಿಕೆ ಚೆಲ್ಲಿದ್ದೊಂದು ತಪ್ಪು ಎಂದು ಯಾರೋ ಅಂದರು. ಬಾಟ್ಲಿಗಳನ್ನು ಅಟ್ಟಕ್ಕಿಟ್ಟಿದ್ದ ಆಕೆ ನನ್ನ ಪಕ್ಕದಲ್ಲೇ ಕೂತು, ಹೌದೆಂದು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸುಮ್ಮನೆ ಕೂತೆ.